ಕಾಮಾ ಕಂಡಲ್ಲೆಲ್ಲ ಕತ್ತರಿ ಹಾಕುವ ಮುನ್ನ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ, ವೆಬ್ ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳಿಗೆಂದು ಬಂದ ಬರಹ ಓದಿದೆ. ಕನ್ನಡದಲ್ಲಿ ಇಂಥದ್ದನ್ನು ಬರೆಯುವವರೇ ಕಡಿಮೆ, ಹಾಗಾಗಿ ಖುಷಿಯಿಂದಲೇ ಶುರು ಮಾಡಿದೆ. 'ಕಾಮಾ ಹಾಕಿ ಬರೆದ ಸಾಲುಗಳ ಅರೇ ಇದ್ದರೆ ಪ್ರತಿ ಸಾಲನ್ನೂ ಸ್ಪ್ಲಿಟ್ ಮಾಡಿ, ಬಂದದ್ದನ್ನು ಫ್ಲಾಟನ್ ಮಾಡಿ, ಅಲ್ಲಿಗೆ ಕೆಲಸ ಮುಗಿಯಿತು' ಎಂಬ ಸಾಲಿಗೆ ಬಂದಾಗ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದೆ. ಅರೇ ಅಂದರೆ ಪಟ್ಟಿ, ಸ್ಪ್ಲಿಟ್ ಅಂದರೆ ಒಂದು ಗುರುತು ಕಂಡಲ್ಲೆಲ್ಲ ಸಾಲನ್ನು ತುಂಡು ಮಾಡುವುದು, ಫ್ಲಾಟನ್ ಅಂದರೆ ಪಟ್ಟಿಯೊಳಗಿನ ಪಟ್ಟಿಗಳನ್ನು ಬಿಚ್ಚಿ ಒಂದೇ ಪಟ್ಟಿ ಮಾಡುವುದು. ಆ 'ಮುಗಿಯಿತು' ಎಂಬಲ್ಲಿಂದಲೇ ನನ್ನ ಹೋದ ಬೇಸಿಗೆ ಶುರುವಾದದ್ದು.

ನಾನು ಸಾಗರದ ಹತ್ತಿರದ ಹಳ್ಳಿಯವಳು. ಡಿಪ್ಲೊಮಾ ಓದಿ, ಶಿವಮೊಗ್ಗದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ, ಮದುವೆಯಾದ ಮೇಲೆ ಮನೆಯ ಮಾಳಿಗೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಸುತ್ತಲಿನ ಅಂಗಡಿ, ಸೊಸೈಟಿ, ಹೋಮ್‌ಸ್ಟೇಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಕರೆಂಟ್ ಇದ್ದಾಗ ಎಂದು ಸೇರಿಸಬೇಕು. ನಮ್ಮ ಕಡೆ ನಾಟಿ ಬೀಜಗಳನ್ನು ಉಳಿಸಿ ಹಂಚಿಕೊಳ್ಳುವ ಒಂದು ಸಣ್ಣ ಗುಂಪಿದೆ. ಮಳೆಗಾಲಕ್ಕೆ ಮೊದಲು ಒಂದು ದಿನ ಸೇರಿ ಬೀಜ ಬದಲಾಯಿಸಿಕೊಳ್ಳುತ್ತಾರೆ. ಯಾರ ಮನೆಯಲ್ಲಿ ಯಾವ ಬೀಜ ಇದೆ ಎಂದು ಮೊಬೈಲಿನಲ್ಲಿ ನೋಡುವ ಹಾಗೆ ಒಂದು ಪುಟ ಮಾಡಿಕೊಡು ಅಂದರು. ದುಡ್ಡಿನ ಮಾತಿಲ್ಲ, ಎರಡು ಕೆಜಿ ಗಂಧಸಾಲೆ ಅಕ್ಕಿ ಕೊಡುತ್ತೇವೆ ಅಂದರು. ಒಪ್ಪಿಕೊಂಡೆ.

ಆನ್‌ಲೈನ್ ಫಾರ್ಮಿನಲ್ಲಿ ಹೆಸರು, ಊರು, ಫೋನ್ ನಂಬರು, ಅದರ ಕೆಳಗೆ 'ನಿಮ್ಮಲ್ಲಿರುವ ಬೀಜಗಳು' ಎಂದು ಒಂದು ಉದ್ದ ಡಬ್ಬಿ ಇಟ್ಟೆ. ನಲವತ್ತೊಂದು ಮನೆಯವರು ತುಂಬಿದರು. ನನಗೆ ಬಂದದ್ದು ನಲವತ್ತೊಂದು ಸಾಲು. ಮೊದಲನೆಯದು 'ರಾಜಮುಡಿ, ಕಗ್ಗ, ಗಂಧಸಾಲೆ', ಎರಡನೆಯದು ಬರೀ 'ಮಗೆಕಾಯಿ', ಹೀಗೆ. ಪ್ರತಿ ಸಾಲನ್ನು ಕಾಮಾದಲ್ಲಿ ಸ್ಪ್ಲಿಟ್ ಮಾಡಿದರೆ ಅರೇಯೊಳಗೆ ಅರೇಗಳು ಬರುತ್ತವೆ. ಅವನ್ನು ಒಂದೇ ಉದ್ದ ಸಾಲಾಗಿ ಹರವಿ, ಸೆಟ್‌ಗೆ ಹಾಕಿ ಎರಡೆರಡು ಸಲ ಬಂದದ್ದನ್ನು ತೆಗೆದು, ಅಕಾರಾದಿ ಜೋಡಿಸಿದರೆ ಬೀಜಗಳ ಪಟ್ಟಿ ರೆಡಿ. ಪುರವಣಿಯಲ್ಲಿ ಹೇಳಿದ್ದೂ ಇಷ್ಟೇ. ನಾನು ಮಾಡಿದ್ದೂ ಇಷ್ಟೇ, ಹತ್ತು ನಿಮಿಷದ ಕೆಲಸ.

ಒಂದೊಂದು ಬೀಜಕ್ಕೂ ಒಂದೊಂದು ಬಟನ್ ಮಾಡಿದ್ದೆ. ನೋಡಿದರೆ ಪಟ್ಟಿಯ ತಲೆಯಲ್ಲಿ ಒಂದು ಖಾಲಿ ಬಟನ್ ಬಂದು ಕೂತಿತ್ತು. ಅದರ ಕೆಳಗೆ ಒಂದು ಗಂಧಸಾಲೆ, ತುಂಬ ಕೆಳಗೆ ಇನ್ನೊಂದು ಗಂಧಸಾಲೆ. ಗಂಧಸಾಲೆ ಎರಡಾದದ್ದರ ಕಾರಣ ಬೇಗ ಗೊತ್ತಾಯಿತು. ಕಾಮಾ ಆದಮೇಲೆ ಜಾಗ ಬಿಟ್ಟು ಬರೆಯುವುದು ಶಾಲೆಯಲ್ಲಿ ಕಲಿತ ಶಿಸ್ತು. ಆ ಜಾಗ ಹಾಗೇ ಮುಂದಿನ ತುಂಡಿಗೆ ಅಂಟಿಕೊಂಡು ಬರುತ್ತದೆ, ಕಂಪ್ಯೂಟರಿಗೆ ಅದೂ ಒಂದು ಅಕ್ಷರ, ಅಕಾರಕ್ಕಿಂತ ಮೊದಲಿನ ಅಕ್ಷರ. ಪ್ರತಿ ತುಂಡಿಗೂ ಟ್ರಿಮ್, ಅಂದರೆ ಅಂಚಿನ ಜಾಗ ಸವರುವ ಆಜ್ಞೆ, ಹಾಕಿದ ಮೇಲೆ ಎರಡು ಗಂಧಸಾಲೆ ಒಂದಾದವು.

ಖಾಲಿ ಬಟನ್ನಿನ ಕತೆ ಸ್ವಲ್ಪ ಸ್ವಾರಸ್ಯದ್ದು. ಹಗ್ಗವನ್ನು ಮೂರು ಕಡೆ ಕೊಯ್ದರೆ ತುಂಡು ನಾಲ್ಕು. ಸ್ಪ್ಲಿಟ್ ಎಂಬುದು ಈ ಲೆಕ್ಕವನ್ನು ಚಾಚೂ ತಪ್ಪದೆ ಪಾಲಿಸುತ್ತದೆ. 'ರಾಗಿ, ನವಣೆ, ಹುರುಳಿ,' ಎಂದು ಕೊನೆಯಲ್ಲೂ ಕಾಮಾ ಬಿಟ್ಟರೆ ಕಾಮಾ ಮೂರು, ತುಂಡು ನಾಲ್ಕು, ನಾಲ್ಕನೆಯದು ಏನೂ ಇಲ್ಲದ ತುಂಡು. ಇನ್ನು ಡಬ್ಬಿಯಲ್ಲಿ ಏನೂ ಬರೆಯದೇ ಕಳಿಸಿದವರ ಸಾಲು ನೋಡಿ. ಅಲ್ಲಿ ಕಾಮಾ ಸೊನ್ನೆ, ಹಾಗಾದರೆ ತುಂಡು ಒಂದು. ಬೀಜವೇ ಇಲ್ಲದ ಮನೆಯಲ್ಲೂ ಬ್ರೌಸರಿನ ಭಾಷೆಯಾದ ಜಾವಾಸ್ಕ್ರಿಪ್ಟ್ ಲೆಕ್ಕದಲ್ಲಿ ಒಂದು ಬೀಜ ಇದೆ, ಅದರ ಹೆಸರು ಖಾಲಿ! ಸೊನ್ನೆ ತುಂಡು ಬರಬೇಕಿತ್ತಲ್ಲ ಎಂದು ನಮಗನ್ನಿಸುತ್ತದೆ, ಅದಕ್ಕೆ ಹಾಗನ್ನಿಸುವುದಿಲ್ಲ. ಸರ್ವರ್ ಕಡೆಯ ಭಾಷೆ ಪಿಎಚ್‌ಪಿಯಲ್ಲಿ ಇದೇ ಕೆಲಸ ಮಾಡುವ ಎಕ್ಸ್‌ಪ್ಲೋಡ್ ಕೂಡ ಹೀಗೇ. ಹಾಗಾಗಿ ಒಡೆದ ಮೇಲೆ ಟ್ರಿಮ್, ಟ್ರಿಮ್ ಆದ ಮೇಲೆ ಖಾಲಿಯಾದದ್ದನ್ನು ಫಿಲ್ಟರ್. ಈ ಕ್ರಮ ತಿರುಗಿಸಿದರೆ ಬರೀ ಜಾಗವೊಂದೇ ಇರುವ ತುಂಡು ಫಿಲ್ಟರನ್ನು ದಾಟಿಕೊಂಡು ಒಳಗೆ ಬರುತ್ತದೆ.

ಇಲ್ಲಿಯವರೆಗೆ ಯಾವ ಭಾಷೆಯವರಿಗಾದರೂ ಬರುವ ತೊಂದರೆಯೇ. ನಮ್ಮದೇ ಆದದ್ದು ಆಮೇಲೆ ಬಂತು. ಪಟ್ಟಿಯಲ್ಲಿ 'ಬೀನ್ಸ್' ಎರಡು ಸಲ. ಟ್ರಿಮ್ ಆಗಿದೆ, ಕಾಗುಣಿತ ಒಂದೇ, ಅಕ್ಷರ ದೊಡ್ಡದು ಮಾಡಿ ನೋಡಿದರೂ ಕೂದಲೆಳೆಯ ವ್ಯತ್ಯಾಸ ಇಲ್ಲ. ಅರ್ಧ ದಿನ ಹೋಯಿತು. ಕೊನೆಗೆ ಎರಡರ ಉದ್ದ ಎಷ್ಟು ಎಂದು ಕೇಳಿದೆ. ಒಂದಕ್ಕೆ 6, ಇನ್ನೊಂದಕ್ಕೆ 7. ಬ, ಅದರ ದೀರ್ಘ, ನ, ಒಂದು ಅರ್ಧಾಕ್ಷರದ ಗುರುತು, ಸ, ಮತ್ತೊಂದು ಅರ್ಧಾಕ್ಷರದ ಗುರುತು, ಇಷ್ಟಕ್ಕೆ ಆರು. ಏಳನೆಯದು ಕಣ್ಣಿಗೆ ಕಾಣದ ಅಕ್ಷರ. ಕನ್ನಡದಲ್ಲಿ 'ರಾಜ್‌ಕುಮಾರ್' ಎಂದು ಬರೆಯುವಾಗ ಜಕಾರಕ್ಕೆ ಕಕಾರದ ಒತ್ತು ಅಂಟದಂತೆ ನಡುವೆ ಸೇರಿಸುತ್ತೇವಲ್ಲ, ಅದೇ ಅಗಲವಿಲ್ಲದ ಅಕ್ಷರ. ಎಲ್ಲ ಲಿಪಿಗಳ ಅಕ್ಷರಗಳಿಗೂ ನಂಬರು ಕೊಡುವ ಯೂನಿಕೋಡಿನಲ್ಲಿ ಅದರ ನಂಬರು 200ಸಿ. ಯಾರದೋ ಮೊಬೈಲ್ ಕೀಬೋರ್ಡ್ ಪದದ ಕೊನೆಯಲ್ಲಿ ಅದನ್ನು ಬಿಟ್ಟು ಹೋಗಿತ್ತು. ಟ್ರಿಮ್‌ಗೆ ಅದು ಜಾಗವಲ್ಲ, ಆದ್ದರಿಂದ ಅದು ತೆಗೆಯುವುದಿಲ್ಲ. ನಮಗೆ ಅದು ಕಾಣುವುದಿಲ್ಲ, ಆದ್ದರಿಂದ ನಾವೂ ತೆಗೆಯುವುದಿಲ್ಲ. ತುಂಡಿನ ತುದಿಯಲ್ಲಿ ಇದ್ದರೆ ಮಾತ್ರ ಅದನ್ನು ಕಿತ್ತುಹಾಕು ಎಂದು ಬೇರೆಯಾಗಿ ಬರೆಯಬೇಕಾಯಿತು, ನಡುವೆ ಇದ್ದದ್ದನ್ನು ಮುಟ್ಟಬಾರದು. ಜೊತೆಗೆ ಎರಡು ಬಗೆಯ ಬರವಣಿಗೆಯನ್ನು ಒಂದೇ ಮಾಡುವ ನಾರ್ಮಲೈಸ್ ಎಂಬುದನ್ನೂ ಹಾಕಿದೆ, ಏಕೆಂದರೆ ದೀರ್ಘವನ್ನು ಒಂದೇ ಗುರುತಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘದ ಬಾಲ ಎಂದು ಎರಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಅಕಾರಾದಿಯದ್ದೂ ಒಂದು ಕಿರಿಕಿರಿ ಇದೆ, ಯೂನಿಕೋಡ್ ಕೋಷ್ಟಕದಲ್ಲಿ ಳಕಾರ ವಕಾರಕ್ಕಿಂತ ಮೊದಲೇ ಕೂತಿದೆ, ಸುಮ್ಮನೆ ಸಾರ್ಟ್ ಅಂದರೆ ಆ ಕೋಷ್ಟಕದ ಕ್ರಮವೇ ಬರುತ್ತದೆ. ಅದು ಇಲ್ಲಿ ಬೇಡ, ಪತ್ರ ಉದ್ದವಾಗುತ್ತದೆ.

ಮುಖ್ಯವಾದದ್ದು ಬೇರೆ ಇದೆ. ಜನ ಕಾಮಾ ಹಾಕಿಯೇ ಬರೆಯುತ್ತಾರೆ ಎಂದುಕೊಂಡದ್ದೇ ನನ್ನ ತಪ್ಪು. ಒಬ್ಬರು ಸೆಮಿಕೋಲನ್ ಹಾಕಿದ್ದರು. ಒಬ್ಬರು ಅಡ್ಡಗೆರೆ. ಮೂವರು ಒಂದೊಂದು ಬೀಜವನ್ನು ಒಂದೊಂದು ಸಾಲಿನಲ್ಲಿ ಬರೆದು, ಅದರ ಹಿಂದೆ 1, 2, 3 ಎಂದು ನಂಬರೂ ಹಾಕಿದ್ದರು. ಇವನ್ನೆಲ್ಲ ಒಂದು ರೆಜೆಕ್ಸ್‌ನಲ್ಲಿ, ಅಂದರೆ ಯಾವ ಯಾವ ಅಕ್ಷರ ಹುಡುಕಬೇಕೆಂದು ಹೇಳುವ ಸೂತ್ರದಲ್ಲಿ, ಸೇರಿಸಿದೆ. ಸೇರಿಸುವಾಗ ಅಭ್ಯಾಸಬಲದಿಂದ ಸುತ್ತ ಒಂದು ಆವರಣ ಹಾಕಿಬಿಟ್ಟೆ. ರೆಜೆಕ್ಸ್‌ನಲ್ಲಿ ಆವರಣ ಹಾಕಿದರೆ ಸ್ಪ್ಲಿಟ್ ಕತ್ತರಿಸಿದ ಚಿಹ್ನೆಯನ್ನೂ ಎತ್ತಿ ಪಟ್ಟಿಗೆ ಸೇರಿಸುತ್ತದೆ. ಪುಟ ತೆರೆದರೆ ರಾಗಿ, ನವಣೆಗಳ ಜೊತೆ ಕಾಮಾವೂ ಒಂದು ಬೀಜ! ಕಾಮಾದ ಬೀಜ ಯಾರ ಮನೆಯಲ್ಲಿದೆ ಎಂದು ನನ್ನ ಮಗಳು ಒಂದು ವಾರ ಗೇಲಿ ಮಾಡಿದಳು.

'ಮತ್ತು' ಎಂದು ಬರೆದವರೂ ಇದ್ದರು. ಸರಿ, 'ಮತ್ತು' ಕಂಡಲ್ಲೂ ಒಡೆ ಎಂದೆ. ಹೊಸನಗರದ ಕಡೆಯ ಒಬ್ಬರು ಉತ್ಸಾಹದಲ್ಲಿ 'ಮುಳ್ಳುಸೌತೆ, ಈ ವರ್ಷ ಭಾರೀ ಗಮ್ಮತ್ತು' ಎಂದು ಬರೆದಿದ್ದರು. 'ಗಮ್ಮತ್ತು' ಎಂಬ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ನೋಡಿ, ಅದರ ಹೊಟ್ಟೆಯಲ್ಲಿ 'ಮತ್ತು' ಇದೆ. ಕತ್ತರಿ ಅಲ್ಲಿಗೂ ಬಿತ್ತು. 'ಈ ವರ್ಷ ಭಾರೀ ಗಮ್' ಎಂಬ ಹೊಸ ತಳಿ ಪಟ್ಟಿಗೆ ಸೇರಿತು. ಇಂಗ್ಲಿಷಿನವರಾದರೆ ಪದದ ಅಂಚು ನೋಡಿ ಒಡೆ ಎನ್ನಲು ರೆಜೆಕ್ಸ್‌ನಲ್ಲಿ ಒಂದು ಗುರುತು ಇದೆ. ಜಾವಾಸ್ಕ್ರಿಪ್ಟಿನಲ್ಲಿ ಆ ಗುರುತಿಗೆ ಎ ಯಿಂದ ಜಡ್, ಅಂಕಿ, ಕೆಳಗೆರೆ ಇಷ್ಟೇ ಪದದ ಅಕ್ಷರಗಳು. ಕನ್ನಡದ ಯಾವ ಅಕ್ಷರವೂ ಅದರ ಲೆಕ್ಕದಲ್ಲಿ ಅಕ್ಷರವೇ ಅಲ್ಲ. ಎರಡೂ ಕಡೆ ಜಾಗ ಇದ್ದರೆ ಮಾತ್ರ ಒಡೆ ಎಂದು ಬರೆದು ಪಾರಾದೆ.

ಆದರೆ ತೀರ್ಥಹಳ್ಳಿಯ ಒಬ್ಬ ಹಿರಿಯರ ಸಾಲಿಗೆ ಯಾವ ಉಪಾಯವೂ ನಡೆಯಲಿಲ್ಲ. ಅವರು ಬರೆದದ್ದು ಇದು: 'ರತ್ನಚೂಡಿಯೂ ಜೀರಿಗೆಸಣ್ಣವೂ ಸ್ವಲ್ಪ ಕೆಂಪು ಹರಿವೆಯೂ ಉಂಟು.' ಒಂದೂ ಕಾಮಾ ಇಲ್ಲ, ಬೇಕಾಗಿಯೂ ಇಲ್ಲ. ನಮ್ಮ ಭಾಷೆಯಲ್ಲಿ ಪಟ್ಟಿ ಮಾಡುವ ಹಳೆಯ ಕ್ರಮವೇ ಇದು. ಬೇರ್ಪಡಿಸುವ ಗುರುತು ಪದಗಳ ನಡುವೆ ನಿಲ್ಲುವುದಿಲ್ಲ, ಪದದ ಬಾಲವಾಗಿ ಒಳಗೇ ಸೇರಿರುತ್ತದೆ. ಓಲೆಗರಿಯಲ್ಲಿ ಬರೆದವರಿಗೆ ಅಲ್ಪವಿರಾಮ ಗೊತ್ತಿರಲಿಲ್ಲ, ಅಚ್ಚು ಬಂದ ಮೇಲೆ ಬಂದದ್ದು ಅದು. ಊಕಾರ ಕಂಡಲ್ಲಿ ಒಡೆ ಎಂದು ಬರೆಯಲು ಹೋದರೆ ಕಿತ್ತೂರೂ ಉಳಿಯುವುದಿಲ್ಲ, ಮೂಲಂಗಿಯೂ ಉಳಿಯುವುದಿಲ್ಲ. ಆ ಸಾಲನ್ನು ನಾನು ಕೈಯಲ್ಲೇ ಬಿಡಿಸಿ ಬರೆದೆ. ಓದಿ ಖುಷಿಪಟ್ಟೂ ಬರೆದೆ, ಸುಳ್ಳು ಹೇಳುವುದಿಲ್ಲ.

ನಮ್ಮಪ್ಪ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದರು. ಅಚ್ಚಾದ ಮೇಲೆ ಪುಟ ಬಿಡಿಸಿ, ಒಂದೊಂದೇ ಮೊಳೆಯನ್ನು ಅದರದರ ಖಾನೆಗೆ ವಾಪಸ್ ಹಾಕಬೇಕು. ರಜೆಯಲ್ಲಿ ನಾನೂ ಹೋಗಿ ಕೂರುತ್ತಿದ್ದೆ. ಬೇಗ ಬೇಗ ಹಾಕಿ ಮುಗಿಸುತ್ತಿದ್ದೆ, ಅವರು ಬೈಯುತ್ತಿದ್ದರು. ತಪ್ಪು ಖಾನೆಗೆ ಬಿದ್ದ ಮೊಳೆ ಇವತ್ತು ಗೊತ್ತಾಗುವುದಿಲ್ಲ, ಮುಂದಿನ ವಾರ ಯಾರದೋ ಲಗ್ನಪತ್ರಿಕೆಯಲ್ಲಿ ಗೊತ್ತಾಗುತ್ತದೆ ಎನ್ನುತ್ತಿದ್ದರು.

ಹಾಗೇ ಆಯಿತು. ಪುಟದಲ್ಲಿ ಬೀಜದ ಹೆಸರು ಒತ್ತಿದರೆ ಆ ಮನೆಯವರ ಫೋನ್ ನಂಬರು ಬರಬೇಕಿತ್ತು. ನಾನು ಮಾಡಿದ್ದೇನೆಂದರೆ, ಎಲ್ಲ ಬೀಜಗಳನ್ನು ಹರವಿದ ಉದ್ದ ಸಾಲಿನಲ್ಲಿ ಒತ್ತಿದ ಬೀಜ ಎಷ್ಟನೆಯದು ಎಂದು ಹುಡುಕಿ, ಮನೆಗಳ ಪಟ್ಟಿಯಲ್ಲಿ ಅಷ್ಟನೆಯ ಮನೆಯನ್ನು ತೋರಿಸಿದೆ. ಮೊದಲ ಬೀಜ ರಾಜಮುಡಿ ಒತ್ತಿ ನೋಡಿದೆ, ಮೊದಲ ಮನೆ ಬಂತು, ಸರಿ ಇದೆ ಎಂದು ಬಿಟ್ಟೆ. ಮೊದಲನೆಯದು ಯಾವಾಗಲೂ ಸರಿಯೇ ಬರುತ್ತದೆ! ಎರಡನೆಯ ಬೀಜ ಕಗ್ಗ, ಅದು ಮೊದಲ ಮನೆಯದ್ದೇ. ನನ್ನ ಪುಟ ತೋರಿಸಿದ್ದು ಎರಡನೆಯ ಮನೆಯನ್ನು. ನಲವತ್ತೊಂದು ದಾಟಿದ ಬೀಜಗಳಿಗೆ ಮನೆಯೇ ಸಿಗುತ್ತಿರಲಿಲ್ಲ, ಅದಾದರೂ ಕಣ್ಣಿಗೆ ಬೀಳಬೇಕಿತ್ತು. ಆದರೆ ನಂಬರು ಕೊಡಲು ಒಪ್ಪದವರಿಗಾಗಿ 'ಗುಂಪಿನವರನ್ನು ವಿಚಾರಿಸಿ' ಎಂದು ತೋರಿಸುವ ಏರ್ಪಾಡು ನಾನೇ ಮಾಡಿದ್ದೆ. ಮನೆ ಸಿಗದ ಬೀಜಗಳೆಲ್ಲ ಮರ್ಯಾದೆಯಿಂದ ಅದರ ಹಿಂದೆ ಅಡಗಿ ಕೂತವು.

ಕಗ್ಗ ಗೊತ್ತಲ್ಲ, ಅಘನಾಶಿನಿ ಅಳಿವೆಯ ಸುತ್ತ ಗಜನಿ ಗದ್ದೆಗಳಲ್ಲಿ ಉಪ್ಪುನೀರು ನುಗ್ಗಿದರೂ ತಡೆದುಕೊಂಡು ಬೆಳೆಯುವ ಭತ್ತ. ಕುಮಟಾ ಕಡೆಯ ಒಬ್ಬರಿಗೆ ಅದು ಬೇಕಿತ್ತು. ನನ್ನ ಪುಟ ನೋಡಿ ಫೋನ್ ಮಾಡಿದರು. ಎತ್ತಿದವರು ಎರಡನೆಯ ಸಾಲಿನ ಅಜ್ಜಿ. 'ನನ್ನತ್ರ ಮಗೆಕಾಯಿ ಬೀಜ ಬಿಟ್ರೆ ಬೇರೇನೂ ಇಲ್ಲ ಮಾರಾಯ' ಅಂದರಂತೆ. ಅವರು ಬಿಡಲಿಲ್ಲ, ಅಜ್ಜಿಗೆ ಬೀಜ ಕೊಡಲು ಮನಸ್ಸಿಲ್ಲ ಎಂದುಕೊಂಡು ಎರಡು ದಿನ ಬಿಟ್ಟು ಮತ್ತೆ ಮಾಡಿದರು. ಮೂರನೆಯ ಸಲ ಅಜ್ಜಿಯ ಮೊಮ್ಮಗ ಎತ್ತಿ ಜಗಳವೇ ಆಯಿತು. ನನಗೆ ವಿಷಯ ಬಂದದ್ದು ಆಮೇಲೆ.

ಫ್ಲಾಟ್ ಮಾಡಿದ ಮೇಲೆ ಯಾವ ತುಂಡು ಯಾರ ಸಾಲಿನಿಂದ ಬಂತು ಎಂಬುದು ಅಳಿಸಿಹೋಗುತ್ತದೆ. ನಿಮ್ಮ ಪುರವಣಿಯ ಬರಹದಲ್ಲಿ ಈ ಮಾತೇ ಇಲ್ಲ, ಅದಕ್ಕಾಗಿಯೇ ಮುಖ್ಯವಾಗಿ ಈ ಪತ್ರ. ನಮ್ಮ ಕಡೆ ಅಡಿಕೆ ಸುಲಿದು ಬೇಯಿಸಿ ಹರವುತ್ತಾರೆ. ಮೂರು ಮನೆಯ ಅಡಿಕೆಯನ್ನು ಒಂದೇ ಅಂಗಳದಲ್ಲಿ ಹರವಬೇಕಾಗಿ ಬಂದರೆ ನಡುವೆ ದಬ್ಬೆ ಇಡುತ್ತಾರೆ, ಇಲ್ಲವೇ ಬೇರೆ ಬೇರೆ ತಟ್ಟಿ. ಒಮ್ಮೆ ಬೆರೆತ ಮೇಲೆ ಇದು ನಿನ್ನದು ಇದು ನನ್ನದು ಎಂದು ಆರಿಸಲು ಬ್ರಹ್ಮನಿಂದಲೂ ಆಗದು. ಇಲ್ಲೂ ಅಷ್ಟೇ. ಒಡೆದ ಕೂಡಲೇ, ಹರವುವ ಮೊದಲೇ, ಪ್ರತಿ ತುಂಡಿಗೂ ಮನೆಯ ಚೀಟಿ ಕಟ್ಟಬೇಕು. ಜಾವಾಸ್ಕ್ರಿಪ್ಟಿನ ಫ್ಲಾಟ್‌ಮ್ಯಾಪ್ ಇರುವುದೇ ಇದಕ್ಕೆ ಎಂದು ನನಗನ್ನಿಸುತ್ತದೆ. ಒಂದು ಮನೆಯ ಸಾಲನ್ನು ತೆಗೆದುಕೊ, ಒಡೆ, ಒಂದೊಂದು ತುಂಡಿಗೂ 'ಬೀಜ ಇಂಥದ್ದು, ಮನೆ ಇಂಥದ್ದು' ಎಂದು ಜೋಡಿ ಮಾಡು, ಆ ಜೋಡಿಗಳ ಅರೇ ವಾಪಸ್ ಕೊಡು. ಹರವುವ ಕೆಲಸ ಅದೇ ಮಾಡಿಕೊಳ್ಳುತ್ತದೆ. ಒಂದು ತುಂಡೂ ಬೇಡದಿದ್ದರೆ ಖಾಲಿ ಅರೇ ಕೊಟ್ಟರಾಯಿತು, ಆ ಮನೆಯಿಂದ ಏನೂ ಬರುವುದಿಲ್ಲ, ಖಾಲಿ ಬಟನ್ನಿನ ಕಾಟವೂ ತಪ್ಪುತ್ತದೆ. ನಾನು ಕಲಿಯುವ ಕಾಲಕ್ಕೆ ಇದೆಲ್ಲ ಇರಲಿಲ್ಲ, ಖಾಲಿ ಅರೇಗೆ ಕಾನ್‌ಕ್ಯಾಟ್ ಅಪ್ಲೈ ಮಾಡುವ ಒಂದು ವಿಚಿತ್ರ ಸಾಲನ್ನು ಅರ್ಥವಾಗದಿದ್ದರೂ ಮಂತ್ರದ ಹಾಗೆ ಬರೆಯುತ್ತಿದ್ದೆವು. ಕೆಲವರು ಎಲ್ಲ ಸಾಲುಗಳನ್ನೂ ಕಾಮಾದಿಂದ ಜಾಯಿನ್ ಮಾಡಿ, ಒಂದೇ ದೊಡ್ಡ ಸಾಲು ಮಾಡಿಕೊಂಡು, ಮತ್ತೆ ಒಡೆಯುತ್ತಾರೆ. ಆಗಲಿ, ಆದರೆ ಅದರಲ್ಲಿ ದಬ್ಬೆಯನ್ನು ಮೊದಲೇ ಕಿತ್ತು ಒಲೆಗೆ ಹಾಕಿದ ಹಾಗೆ.

ಇನ್ನು ಹೆಸರಿನ ವಿಷಯ. ಬರಹದಲ್ಲಿ 'ಫ್ಲಾಟನ್' ಎಂದಿದೆ. ರೂಬಿ ಭಾಷೆಯಲ್ಲಿ ಹಾಗಿದೆ, ಬ್ರೌಸರಿನಲ್ಲಿ ಅರೇಗಳಿಗೆ ಅಂಥದ್ದಿಲ್ಲ, ಇರುವುದು 'ಫ್ಲಾಟ್'. ಮಕ್ಕಳು ಬರಹ ನೋಡಿ ಟೈಪ್ ಮಾಡಿದರೆ 'ಇದು ಫಂಕ್ಷನ್ ಅಲ್ಲ' ಎಂಬ ಕೆಂಪು ಸಾಲು ಬರುತ್ತದೆ. ಇದರ ಹಿಂದೆ ಒಂದು ಕತೆಯೂ ಇದೆ. ಮೊದಲು ಇಡಲು ಹೊರಟದ್ದು ಫ್ಲಾಟನ್ ಎಂದೇ. 2018ರಲ್ಲಿ ಫೈರ್‌ಫಾಕ್ಸ್‌ನ ಪ್ರಯೋಗದ ಆವೃತ್ತಿಯಲ್ಲಿ ಅದನ್ನು ಸೇರಿಸಿದಾಗ ಯಾವುದೋ ಹಳೆಯ ಸೈಟ್ ಮುರಿದುಬಿತ್ತು. ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ (ಯಾರು ಬೇಕಾದರೂ ಬಳಸುವ ಸಿದ್ಧ ಕೋಡಿನ ಕಟ್ಟು) ತನ್ನದೇ ಫ್ಲಾಟನ್ ಇಟ್ಟುಕೊಂಡಿತ್ತು, ಬ್ರೌಸರಿನದ್ದು ಬಂದಾಗ ಎರಡಕ್ಕೂ ತಾಗಿತು. ಹೊಸ ಹೆಸರು ಬೇಕು ಎಂದಾಗ ಪ್ರಸ್ತಾಪ ಮಾಡಿದವರೇ ತಮಾಷೆಗೆ 'ಸ್ಮೂಷ್' ಎಂದು ಇಡೋಣ ಅಂದರು, ಅದನ್ನು ನಿಜವೆಂದು ನಂಬಿ ಜಗತ್ತಿನ ಪ್ರೋಗ್ರಾಮರುಗಳೆಲ್ಲ ಕಿತ್ತಾಡಿದರು. ಆ ವರ್ಷದ ಮೇ ತಿಂಗಳಲ್ಲಿ ಜಾವಾಸ್ಕ್ರಿಪ್ಟಿನ ನಿಯಮ ಬರೆಯುವ ಸಮಿತಿ 'ಫ್ಲಾಟ್' ಎಂದು ತೀರ್ಮಾನಿಸಿತು, ಭಾಷೆಯ 2019ರ ಆವೃತ್ತಿಯಲ್ಲಿ ಅದೇ ಬಂತು. ಯಾರೋ ಎಂದೋ ಬರೆದು ಮರೆತ ಪುಟ ಮುರಿಯಬಾರದೆಂದು ಹೊಸ ಪದವನ್ನೇ ಬದಲಿಸಿದರಲ್ಲ, ಆ ಸೌಜನ್ಯ ನನಗೆ ಇಷ್ಟ. ನಾನು ಹಳೆಯ ಕಾಲದಲ್ಲಿ ಮಾಡಿಕೊಟ್ಟ ಸೈಟುಗಳು ಇನ್ನೂ ನಡೆಯುತ್ತಿರುವುದು ಅದರಿಂದಲೇ.

ರೂಬಿಯದ್ದಕ್ಕೂ ಇದಕ್ಕೂ ಹೆಸರಷ್ಟೇ ಅಲ್ಲ, ನಡತೆಯೂ ಬೇರೆ. ಮೂಟೆಯೊಳಗೆ ಚೀಲ, ಚೀಲದೊಳಗೆ ಪೊಟ್ಟಣ ಇದ್ದರೆ ರೂಬಿಯ ಫ್ಲಾಟನ್ ಎಲ್ಲವನ್ನೂ ಬಿಚ್ಚಿ ಸುರಿಯುತ್ತದೆ. ಜಾವಾಸ್ಕ್ರಿಪ್ಟಿನ ಫ್ಲಾಟ್ ಮೂಟೆ ಮಾತ್ರ ಬಿಚ್ಚುತ್ತದೆ, ಚೀಲವನ್ನೂ ಬಿಚ್ಚಬೇಕಾದರೆ 2 ಎಂದು ಹೇಳಬೇಕು. ನನಗೆ ಇದು ಬೇಕಾಗಿ ಬಂದದ್ದು ಉಡುಪಿ ಕಡೆಯವರೊಬ್ಬರ ಸಾಲಿನಿಂದ. 'ಬದನೆ (ಮಟ್ಟುಗುಳ್ಳ, ಈರನಗೆರೆ), ಬಸಳೆ' ಎಂದಿತ್ತು. ಇಲ್ಲಿ ಎರಡು ಕಾಮಾ ಇವೆ, ಎರಡಕ್ಕೂ ಒಂದೇ ಅರ್ಥವಲ್ಲ. ಒಂದು ಮನೆಯ ಗೋಡೆ, ಒಂದು ಕೋಣೆಯ ಗೋಡೆ. ಸ್ಪ್ಲಿಟ್‌ಗೆ ಆ ಭೇದ ಇಲ್ಲ, 'ಬದನೆ (ಮಟ್ಟುಗುಳ್ಳ' ಎಂದು ಒಂದು, 'ಈರನಗೆರೆ)' ಎಂದು ಇನ್ನೊಂದು, ಎರಡು ಕುಂಟು ತುಂಡುಗಳನ್ನು ಕೊಟ್ಟಿತು. ರೆಜೆಕ್ಸ್‌ನಲ್ಲಿ ಜಾಣತನ ತೋರಿಸಲು ಹೋಗಿ ಒಂದು ಸಂಜೆ ಹಾಳು ಮಾಡಿಕೊಂಡೆ. ಆಮೇಲೆ ಅಪ್ಪನ ದಾರಿಗೆ ಬಂದೆ. ಒಂದೊಂದೇ ಅಕ್ಷರ ಓದುತ್ತ ಹೋಗು, ಆವರಣ ತೆರೆದರೆ ಒಂದು ಕೂಡು, ಮುಚ್ಚಿದರೆ ಒಂದು ಕಳೆ, ಲೆಕ್ಕ ಸೊನ್ನೆ ಇರುವಾಗ ಕಾಮಾ ಬಂದರೆ ಮಾತ್ರ ಒಡೆ. ಹನ್ನೆರಡು ಸಾಲಿನ ಕೋಡು. ಅಂದವಿಲ್ಲ, ಆದರೆ ಇವತ್ತಿನವರೆಗೆ ಒಂದು ತಪ್ಪೂ ಬಂದಿಲ್ಲ. ಒಳಗಿನ ಕಾಮಾವನ್ನು ಆಮೇಲೆ ಬೇರೆಯಾಗಿ ಒಡೆದು, 'ಬದನೆ, ಮಟ್ಟುಗುಳ್ಳ' 'ಬದನೆ, ಈರನಗೆರೆ' ಎಂದು ಎರಡು ಮಾಡಿದೆ. ಅಂಕಿಗಳಲ್ಲೂ ಇದೇ ಗೋಳು. ಒಬ್ಬರು 'ತೆಂಗಿನ ಸಸಿ 1,200' ಎಂದು ಬರೆದಿದ್ದರು, '200' ಎಂಬುದು ಒಂದು ಬೀಜವಾಗಿ ಪಟ್ಟಿಯಲ್ಲಿತ್ತು.

ಪುರವಣಿಯ ಬರಹದಲ್ಲಿ ಇನ್ನೊಂದು ತಪ್ಪು. ಸ್ಪ್ಲಿಟ್‌ಗೆ ಎರಡನೆಯದಾಗಿ 2 ಎಂದು ಕೊಟ್ಟರೆ ಎರಡು ತುಂಡು ಬರುತ್ತದೆ, 'ಉಳಿದದ್ದೆಲ್ಲ ಕೊನೆಯ ತುಂಡಿನಲ್ಲಿ ಇರುತ್ತದೆ' ಎಂದು ಬರೆದಿದ್ದಾರೆ. ಪಿಎಚ್‌ಪಿಯಲ್ಲಿ ಹಾಗೆ. ಪೈಥಾನ್‌ನಲ್ಲಿ ಕೊಡುವ ಸಂಖ್ಯೆ ಎಷ್ಟು ಕಡೆ ಕೊಯ್ಯಬೇಕು ಎಂಬುದು, ಅಲ್ಲೂ ಉಳಿದದ್ದು ಉಳಿಯುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಮೊದಲ ಎರಡು ತುಂಡು ಕೊಟ್ಟು ಮಿಕ್ಕದ್ದನ್ನು ಬಿಸಾಡುತ್ತದೆ, ಎಲ್ಲಿ ಹೋಯಿತೆಂದು ಹೇಳುವುದೂ ಇಲ್ಲ. ದಯವಿಟ್ಟು ಇದನ್ನು ತಿದ್ದಿ.

ನಿಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಇದೆಲ್ಲ ಯಾಕೆ ಎನ್ನಿಸಬಹುದು. ಆನ್‌ಲೈನ್ ಅರ್ಜಿ ತುಂಬುವಾಗ ವಿಳಾಸದಲ್ಲಿ ಕಾಮಾ ಹಾಕಿದ ಕೂಡಲೇ 'ವಿಶೇಷ ಚಿಹ್ನೆಗಳನ್ನು ಬಳಸಬೇಡಿ' ಎಂದು ಬೈಸಿಕೊಂಡವರು ಎಷ್ಟು ಜನ ಇಲ್ಲ? ನನ್ನ ಅತ್ತೆಯ ಒಂದು ಅರ್ಜಿ ಹೀಗೇ ಮೂರು ಸಲ ತಿರಸ್ಕಾರವಾಯಿತು. ಮನೆ ಹೆಸರು, ಊರು, ಅಂಚೆ, ತಾಲ್ಲೂಕು ಎಲ್ಲವನ್ನೂ ಕಾಮಾ ಇಲ್ಲದೆ ಒಂದೇ ಉಸಿರಿನಲ್ಲಿ ಬರೆದ ಮೇಲೆ ತೆಗೆದುಕೊಂಡಿತು. ಬಂದ ಕಾಗದದಲ್ಲಿ ವಿಳಾಸ ಓದಿದ ಪೋಸ್ಟ್‌ಮನ್ ನಕ್ಕಿದ್ದ. ಆ ಪುಟದ ಹಿಂದೆ ಏನಾಗುತ್ತಿದೆ ಎಂದು ನಾನು ಊಹಿಸಬಲ್ಲೆ. ಎಲ್ಲೋ ಒಂದು ಕಡೆ ಸಾಲನ್ನು ಕಾಮಾದಲ್ಲಿ ಒಡೆಯುತ್ತಿದ್ದಾರೆ, ವಿಳಾಸದ ಕಾಮಾ ಬಂದರೆ ಕಾಲಂಗಳು ಪಕ್ಕಕ್ಕೆ ಜಾರುತ್ತವೆ, ಊರಿನ ಜಾಗಕ್ಕೆ ಅಂಚೆ, ಪಿನ್‌ಕೋಡಿನ ಜಾಗಕ್ಕೆ ತಾಲ್ಲೂಕು. ಅದನ್ನು ಸರಿಮಾಡುವ ಬದಲು ಕಾಮಾವನ್ನೇ ನಿಷೇಧಿಸಿದ್ದಾರೆ. ಸಿಎಸ್‌ವಿ, ಅಂದರೆ ಕಾಮಾದಿಂದ ಕಾಲಂ ಬೇರ್ಪಡಿಸಿದ ಕಡತದಲ್ಲಿ ಮೌಲ್ಯದೊಳಗೆ ಕಾಮಾ ಇದ್ದರೆ ಉದ್ಧರಣ ಚಿಹ್ನೆಯ ಒಳಗಿಡಬೇಕು, ಒಳಗೆ ಉದ್ಧರಣ ಚಿಹ್ನೆಯೇ ಇದ್ದರೆ ಅದನ್ನು ಎರಡು ಸಲ ಬರೆಯಬೇಕು ಎಂದು 2005ರ ಆರ್‌ಎಫ್‌ಸಿ 4180 ಎಂಬ ಇಂಟರ್ನೆಟ್ ದಾಖಲೆಯಲ್ಲಿ ಬರೆದಿಟ್ಟಿದ್ದಾರೆ. ಅದನ್ನು ಓದಬಲ್ಲ ಲೈಬ್ರರಿಗಳು ಬಿಟ್ಟಿ ಸಿಗುತ್ತವೆ. ಸಿಎಸ್‌ವಿಯನ್ನು ಬರೀ ಸ್ಪ್ಲಿಟ್‌ನಿಂದ ಓದಬೇಡಿ ಎಂದು ಒಂದು ಸಾಲು ಆ ಬರಹದಲ್ಲಿ ಇದ್ದಿದ್ದರೆ ಎಷ್ಟೋ ಜನರ ಅತ್ತೆಯಂದಿರಿಗೆ ಉಪಕಾರವಾಗುತ್ತಿತ್ತು.

ಒಂದು ಖಾನೆಯಲ್ಲಿ ಒಂದೇ ಮೌಲ್ಯ ಇರಲಿ, ಪಟ್ಟಿ ತುರುಕಬೇಡಿ ಎಂಬುದು ಐಬಿಎಂನಲ್ಲಿದ್ದ ಕಾಡ್ ಅವರು 1970ರಲ್ಲಿ ಡೇಟಾಬೇಸ್ ಬಗ್ಗೆ ಬರೆದ ಲೇಖನದಿಂದ ಶುರುವಾದ ನಿಯಮ. ಡಿಪ್ಲೊಮಾದಲ್ಲಿ ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡದ್ದೇ. ಅದರಂತೆ ಫಾರ್ಮನ್ನು ಬದಲಿಸಿ, ಒಂದು ಬೀಜಕ್ಕೆ ಒಂದು ಡಬ್ಬಿ, 'ಇನ್ನೊಂದು ಸೇರಿಸಿ' ಎಂದು ಬಟನ್ ಇಟ್ಟು ನೋಡಿದೆ. ಯಾರೂ ಒಂದಕ್ಕಿಂತ ಹೆಚ್ಚು ಸೇರಿಸಲಿಲ್ಲ. ಬೆರಳು ದಪ್ಪ, ಬಟನ್ ಸಣ್ಣ, ಕೈಯಲ್ಲಿ ಮಣ್ಣು. ಹಲವರು ಬರೆಯುವುದೇ ಇಲ್ಲ, ಮೈಕ್ ಒತ್ತಿ ಮಾತಾಡುತ್ತಾರೆ. ಮಾತಿನಲ್ಲಿ ಕಾಮಾ ಎಲ್ಲಿಂದ ಬರಬೇಕು? ಹಾಗಾಗಿ ಉದ್ದ ಡಬ್ಬಿಯನ್ನೇ ಮತ್ತೆ ತಂದೆ. ಈಗ ಅವರು ಬರೆದ ಕೂಡಲೇ, ಕಳಿಸುವ ಮೊದಲೇ, ನಾನು ಒಡೆದ ತುಂಡುಗಳನ್ನು ಅವರ ಮುಂದೆಯೇ ಬೇರೆ ಬೇರೆ ಚೀಟಿಗಳಾಗಿ ತೋರಿಸುತ್ತೇನೆ. 'ನೀವು ಹೇಳಿದ್ದು ಇವೇ ತಾನೇ?' ಎಂದು ಕೇಳುತ್ತದೆ. ತಪ್ಪಿದ್ದರೆ ಅವರೇ ಒತ್ತಿ ಅಳಿಸುತ್ತಾರೆ. ಹೌದು ಅಂದ ಮೇಲೆ ಒಂದೊಂದೂ ಮನೆಯ ಗುರುತಿನ ಜೊತೆ ಬೇರೆ ಬೇರೆ ಸಾಲಾಗಿ ಡೇಟಾಬೇಸಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಯಾರೂ ಕಾಮಾ ಹುಡುಕಬೇಕಾಗಿಲ್ಲ. ಬೀಜದ ಒಡೆಯರಿಗಲ್ಲದೆ ಎಲ್ಲಿ ಒಡೆಯಬೇಕೆಂದು ಇನ್ಯಾರಿಗೆ ಗೊತ್ತು?

ಅಜ್ಜಿಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡು ಬಂದೆ. ಮಗೆಕಾಯಿ ಬೀಜ ಒಂದು ಹಿಡಿ ಕಟ್ಟಿಕೊಟ್ಟರು, ಕುಮಟಾದವರಿಗೂ ಒಂದು ಪೊಟ್ಟಣ ಕೊಟ್ಟು ಕಳಿಸು ಅಂದರು.

ಪಕ್ಕದ ಮನೆಯ ಹುಡುಗ ಇಂಜಿನಿಯರಿಂಗ್ ಮೊದಲ ವರ್ಷ. ನಿಮ್ಮ ಬರಹವನ್ನು ಕತ್ತರಿಸಿ ಓದುವ ಮೇಜಿನ ಮುಂದೆ ಗೋಡೆಗೆ ಅಂಟಿಸಿಕೊಂಡಿದ್ದಾನೆ. ಅದರಲ್ಲಿ 'ಫ್ಲಾಟನ್' ಪದದ ಬಾಲವನ್ನು ಪೆನ್ನಿನಲ್ಲಿ ಹೊಡೆದು, ಸ್ಪ್ಲಿಟ್‌ನ 2ರ ಪಕ್ಕದಲ್ಲಿ 'ಉಳಿದದ್ದು ಉಳಿಯುವುದಿಲ್ಲ' ಎಂದು ಬರೆದು ಬಂದಿದ್ದೇನೆ. ಉಳಿದ ಮನೆಗಳ ಗೋಡೆಗಳಿಗಾಗಿ ಮುಂದಿನ ಭಾನುವಾರ ಒಂದು ತಿದ್ದುಪಡಿ ಹಾಕಿಸಿ.

ಇತಿ,
ಓದುಗಾರ್ತಿ, ಸಾಗರ ತಾಲ್ಲೂಕು
(ಹೆಸರು, ವಿಳಾಸ ಬೇರೆ ಹಾಳೆಯಲ್ಲಿದೆ, ಕಾಮಾ ಸಮೇತ)